ಕಂಪ್ರೆಸರ್ ಹೋಗಿದೆ ಅನ್ನುವ ಮೊದಲು ರಿಲೇ ಅಲ್ಲಾಡಿಸಿ ನೋಡಿ

ಬೆಂಗಳೂರಿನ ವಿಜಯನಗರದ ಒಂದು ಬಾಡಿಗೆ ಮನೆ. ಸಿಂಗಲ್ ಡೋರ್ ಫ್ರಿಜ್, ಹತ್ತು ವರ್ಷ ಹಳೆಯದು. ಹಾಲು ಒಡೆದಿತ್ತು, ದೋಸೆ ಹಿಟ್ಟು ಉಕ್ಕಿ ಮುಚ್ಚಳ ತಳ್ಳಿಕೊಂಡು ಹೊರಗೆ ಬಂದಿತ್ತು. ಹಿಂದಿನ ದಿನ ಯಾರೋ ಬಂದು, ಒಂದು ಸ್ಕ್ರೂ ಕೂಡ ಬಿಚ್ಚದೆ, ‘ಕಂಪ್ರೆಸರ್ ಹೋಗಿದೆ, ಹೊಸದು ಹಾಕಬೇಕು’ ಅಂತ ಹೇಳಿ ಹೋಗಿದ್ದರು. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅಳೆದು ನೋಡದೆ ಹೇಗೆ ಹೇಳುತ್ತಾರೆ?

ನಾನು ಐದು ನಿಮಿಷ ಫ್ರಿಜ್ ಹಿಂದೆ ಸುಮ್ನೆ ಕೂತೆ. ಗುಂಯ್... ಟಕ್. ಎರಡು ಮೂರು ನಿಮಿಷ ಏನೂ ಇಲ್ಲ. ಮತ್ತೆ ಗುಂಯ್... ಟಕ್. ಕಂಪ್ರೆಸರ್ ತಿರುಗಲು ನೋಡುತ್ತದೆ, ಆಗುವುದಿಲ್ಲ, ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆಗ ಪಕ್ಕದಲ್ಲಿರುವ ಓವರ್‌ಲೋಡ್ ಅನ್ನುವ ರಕ್ಷಣೆಯ ಸ್ವಿಚ್ಚಿನ ಒಳಗಿನ ಲೋಹದ ಬಿಲ್ಲೆ ಕಾದು ಬಾಗಿ ಲೈನ್ ಕತ್ತರಿಸುತ್ತದೆ. ಆ ಟಕ್ ಅದೇ. ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಅಂದರೆ ಓವರ್‌ಲೋಡ್ ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ ಅಷ್ಟೆ.

ಕರೆಂಟ್ ಹೋಗಿ ಅರ್ಧ ನಿಮಿಷದಲ್ಲೇ ಬಂದಾಗಲೂ ಹೀಗಾಗುತ್ತದೆ. ಒಳಗೆ ಗ್ಯಾಸಿನ ಒತ್ತಡ ಸಮ ಆಗಿರುವುದಿಲ್ಲ. ನಾಲ್ಕೈದು ನಿಮಿಷ ಆಫ್ ಮಾಡಿ ಆಮೇಲೆ ಹಾಕಿದರೆ ಓಡುತ್ತದೆ, ಗಾಬರಿ ಬೇಡ.

ದಿನವಿಡೀ ಟಕ್ ಟಕ್ ಅಂದರೆ ಮೊದಲು ನೋಡಬೇಕಾದ್ದು ಗೋಡೆಯ ಪ್ಲಗ್. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಅಡುಗೆಮನೆಗೆ ಇರುವುದೇ ಒಂದೋ ಎರಡೋ ಪಾಯಿಂಟ್, ಹಾಗಾಗಿ ತೆಳು ವೈರಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಮಿಕ್ಸಿ, ಫಿಲ್ಟರ್, ಫ್ರಿಜ್ ಎಲ್ಲಾ ಒಟ್ಟಿಗೆ ಚುಚ್ಚಿರುತ್ತಾರೆ. ಕಂಪ್ರೆಸರ್ ಸುಮ್ಮನೆ ಇದ್ದಾಗ ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಸಾಧನ) 230 ವೋಲ್ಟ್ ತೋರಿಸುತ್ತದೆ. ಅದನ್ನು ನಂಬಬೇಡಿ. ಗುಂಯ್ ಅನ್ನುವ ಆ ಕ್ಷಣದಲ್ಲಿ ನೋಡಿ. ಆಗ 170ಕ್ಕೆ ಕುಸಿದರೆ ಆ ತೆಳು ವೈರ್ ಸಾಲುತ್ತಿಲ್ಲ, ಎಲ್ಲೋ ನ್ಯೂಟ್ರಲ್ ಸ್ಕ್ರೂ ಸಡಿಲ ಇದೆ, ಇಲ್ಲವೇ ಸಾಕೆಟ್ ಒಳಗೆ ಸುಟ್ಟಿದೆ. ಪ್ಲಗ್ ಪಿನ್ ಕಪ್ಪಾಗಿದ್ದರೆ ಇನ್ನೇನೂ ಬೇಡ, ಅಲ್ಲೇ ಉತ್ತರ ಇದೆ.

ಆ ಮನೆಯಲ್ಲಿ ವೋಲ್ಟೇಜ್ ಸರಿಯಿತ್ತು. ಪ್ಲಗ್ ಕಿತ್ತು, ಕಂಪ್ರೆಸರ್ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ತೆಗೆದೆ. ಒಳಗೆ ಜಿರಳೆ ಹಿಕ್ಕೆ, ಧೂಳು, ಜೊತೆಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ರಿಲೇ. ಕಂಪ್ರೆಸರಿನ ಮೋಟಾರ್ ಶುರುವಾಗಲು ಕ್ಷಣಕಾಲ ಹೆಚ್ಚುವರಿ ಕರೆಂಟ್ ಬಿಡುವುದು ಇದೇ. ಕಿತ್ತು ಕಿವಿ ಹತ್ತಿರ ಅಲ್ಲಾಡಿಸಿದೆ. ಗಲ ಗಲ ಅಂದಿತು. ಒಳಗಿರುವ, ಕಾದರೆ ಕರೆಂಟ್ ತಡೆಯುವ ಪಿಟಿಸಿ ಬಿಲ್ಲೆ ಗಟ್ಟಿಯಾಗಿ ಕೂತಿರಬೇಕು, ತಣ್ಣಗಿದ್ದಾಗ ಕೆಲವೇ ಓಮ್, ಹೆಚ್ಚೆಂದರೆ ಕೆಲವು ಹತ್ತು ಓಮ್ ತೋರಿಸಬೇಕು. ಇದು ಏನೂ ತೋರಿಸಲಿಲ್ಲ. ಬಿಚ್ಚಿದರೆ ಬಿಲ್ಲೆ ಮೂರು ಚೂರಾಗಿತ್ತು.

ಅಷ್ಟಕ್ಕೆ ನಿಲ್ಲಿಸಬಾರದು. ರಿಲೇ ಕಿತ್ತ ಮೇಲೆ ಕಂಪ್ರೆಸರಿನ ಮೂರು ಪಿನ್ ಕೈಗೆ ಸಿಗುತ್ತವೆ: ಕಾಮನ್, ರನ್, ಸ್ಟಾರ್ಟ್. ಎರಡೆರಡು ಪಿನ್ ನಡುವೆ ಓಮ್ ಅಳೆಯಿರಿ. ಇಲ್ಲಿ ಬಂದದ್ದು 14, 22, 36. ಚಿಕ್ಕವೆರಡನ್ನು ಕೂಡಿದರೆ ದೊಡ್ಡದು, ಅಲ್ವಾ? ಲೆಕ್ಕ ಕೂಡಿದರೆ ಎರಡೂ ವೈಂಡಿಂಗ್ (ಮೋಟಾರಿನ ತಂತಿ ಸುರುಳಿ) ತುಂಡಾಗಿಲ್ಲ ಅಂತ ಅರ್ಥ. 14 ಓಮ್ ಬಂದದ್ದು ರನ್ ವೈಂಡಿಂಗ್, 22 ಸ್ಟಾರ್ಟ್. ದೊಡ್ಡ ಅಂಕೆ ಬಂದ ಜೋಡಿಯನ್ನು ಬಿಟ್ಟು ಉಳಿದ ಪಿನ್ನೇ ಕಾಮನ್.

ಆಮೇಲೆ ಪಿನ್‌ಗೂ ಕಂಪ್ರೆಸರ್ ಬಾಡಿಗೂ ನಡುವೆ ಅಳೆಯಿರಿ. ಬಾಡಿ ಅಂದರೆ ಬಣ್ಣದ ಮೇಲಲ್ಲ, ತಾಮ್ರದ ಪೈಪಿನ ಮೇಲೆ ಮೀಟರ್ ಕಡ್ಡಿ ಇಡಿ. ಏನೂ ತೋರಿಸಬಾರದು. ಸಣ್ಣ ಲೀಕೇಜ್ ಮಲ್ಟಿಮೀಟರಿಗೆ ಸಿಗುವುದಿಲ್ಲ, ಅದಕ್ಕೆ 500 ವೋಲ್ಟ್ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಲೀಕ್ ಹುಡುಕುವ ಮೀಟರ್) ಬೇಕು. ಫ್ರಿಜ್ ಹಾಕಿದ ಕೂಡಲೇ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕತ್ತರಿಸುವ ಸ್ವಿಚ್) ಬೀಳುತ್ತಿದ್ದರೆ ಕಂಪ್ರೆಸರಿನ ಮೂರು ಪಿನ್ ಬಿಡಿಸಿ, ವೈರ್ ತುದಿಗಳಿಗೆ ಟೇಪ್ ಸುತ್ತಿ ಫ್ರಿಜ್ ಹಾಕಿ ನೋಡಿ. ಆಗಲೂ ಬಿದ್ದರೆ ತಪ್ಪು ಬೇರೆ ಕಡೆ ಇದೆ: ಐಸ್ ಕರಗಿಸುವ ಡಿಫ್ರಾಸ್ಟ್ ಹೀಟರ್, ಒದ್ದೆಯಾದ ಕನೆಕ್ಟರ್, ಇಲ್ಲವೇ ಇಲಿ ಕಡಿದ ವೈರ್. ಇಲಿ ಕಡಿದದ್ದನ್ನು ನಾನು ಎಷ್ಟು ಮನೆಯಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ.

ಹಾಗಾದರೆ ಕಂಪ್ರೆಸರ್ ನಿಜಕ್ಕೂ ಹೋಗುವುದೇ ಇಲ್ಲವೇ? ಹೋಗುತ್ತದೆ. ಓಮ್ ಲೆಕ್ಕ ಕೂಡದಿದ್ದರೆ, ಕಂಪ್ರೆಸರಿನ ಬಾಡಿಯ ಕಡೆ ಕರೆಂಟ್ ಲೀಕ್ ಆಗುತ್ತಿದ್ದರೆ ಅದು ಹೋಗಿದೆ. ಹೊಸ ರಿಲೇ, ಒಳ್ಳೆ ವೋಲ್ಟೇಜ್ ಎರಡೂ ಇದ್ದು ಇನ್ನೂ ಗುಂಯ್ ಅಂತಲೇ ಕೂತಿದ್ದರೆ ಒಳಗೆ ಜಾಮ್ ಆಗಿದೆ. ಆಗ ನಾನೂ ಬದಲಿಸಿ ಅಂತಲೇ ಹೇಳುತ್ತೇನೆ. ಆದರೆ ಬಿಸಿ ಇರುವಾಗ ಅಳೆದು ತೀರ್ಪು ಕೊಡಬೇಡಿ. ಕೆಲವು ಕಂಪ್ರೆಸರ್‌ಗಳಲ್ಲಿ ಓವರ್‌ಲೋಡ್ ಒಳಗೇ ಇರುತ್ತದೆ, ತಣ್ಣಗಾಗುವ ತನಕ ವೈಂಡಿಂಗ್ ತುಂಡಾದ ಹಾಗೇ ಕಾಣುತ್ತದೆ.

ಇನ್ವರ್ಟರ್ ಫ್ರಿಜ್ (ಕಂಪ್ರೆಸರ್ ವೇಗವನ್ನು ಬೇಕಾದಷ್ಟು ಬದಲಿಸುವ ಬಗೆ) ಲೆಕ್ಕ ಬೇರೆ. ಅದರಲ್ಲಿ ಮೂರೂ ಅಳತೆ ಹೆಚ್ಚುಕಡಿಮೆ ಸಮ ಬರಬೇಕು. ಅದಕ್ಕೆ ನೇರ 230 ಕೊಟ್ಟು ‘ಟೆಸ್ಟ್’ ಮಾಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಲು ಬಿಡಬೇಡಿ, ಸರಿ ಇದ್ದದ್ದೂ ಸುಡುತ್ತದೆ. ಇನ್ನು ಲೇಬಲ್ ಮೇಲೆ ಆರ್600ಎ ಅಂತ ಇದ್ದರೆ ಅದು ಐಸೋಬ್ಯೂಟೇನ್, ಉರಿಯುವ ಗ್ಯಾಸ್. ವೈರ್, ರಿಲೇ ತನಕ ಸರಿ, ಪೈಪ್ ಕತ್ತರಿಸಿ ಬೆಸುಗೆ ಹಾಕುವ ಕೆಲಸ ತರಬೇತಿ ಇದ್ದವರೇ ಮಾಡಬೇಕು.

ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಎಸ್‌ಪಿ ರೋಡ್ ಕಡೆಯಿಂದ ಅದೇ ಕಂಪ್ರೆಸರ್ ಮಾಡೆಲಿಗೆ ಹೊಂದುವ ರಿಲೇ ತಂದು ಹಾಕಿದೆ. ಒಂದೇ ಸಲಕ್ಕೆ ಹಿಡಿಯಿತು. ವೈರ್ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ 0.9 ಆಂಪಿಯರಿಗೆ ಬಂದು ನಿಂತಿತು. ಕಾಫಿ ಕುಡಿದು ಏಳುವಷ್ಟರಲ್ಲಿ ಫ್ರೀಜರ್ ಗೋಡೆಗೆ ಒದ್ದೆ ಬೆರಳು ಇಟ್ಟರೆ ಅಂಟುತ್ತಿತ್ತು.