ಒಂದೇ ಫೋಟೋದೊಳಗೆ ಫೋಕಸ್ ಬದಲಾಗುವುದು ಹೇಗೆ?

ಪ್ರಶ್ನೆ: ಸಾಕ್ಷ್ಯಚಿತ್ರಗಳಲ್ಲಿ ಹಳೆಯ ಗುಂಪು ಫೋಟೋ ತೋರಿಸುವಾಗ ಮುಂದೆ ಕುಳಿತವರು ಮೆಲ್ಲಗೆ ಮಸುಕಾಗಿ, ಹಿಂದೆ ನಿಂತವರ ಮುಖ ಸ್ಪಷ್ಟವಾಗುತ್ತದೆ. ಅಚ್ಚಾದ ಚಿತ್ರದಲ್ಲಿ ಇದು ಹೇಗೆ ಸಾಧ್ಯ?

ಉತ್ತರ: ಅಚ್ಚಾದ ಫೋಟೋಗೆ ಆಳವಿಲ್ಲ. ಅದನ್ನು ಮೇಜಿನ ಮೇಲೆ ಹರಡಿ ನೇರ ಮೇಲಿನಿಂದ ಚಿತ್ರೀಕರಿಸುವಾಗ ಫೋಕಸ್ ಬದಲಿಸಲು ಲೆನ್ಸ್ ತಿರುಗಿಸಿದರೆ ಇಡೀ ಹಾಳೆ ಒಟ್ಟಿಗೇ ಮಸುಕಾಗುತ್ತದೆಯೇ ಹೊರತು ಒಂದು ಸಾಲು ಮಾತ್ರ ಉಳಿದುಕೊಳ್ಳುವುದಿಲ್ಲ. ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿ 1957ರಲ್ಲಿ ತಯಾರಿಸಿದ 'ಸಿಟಿ ಆಫ್ ಗೋಲ್ಡ್' ಕಿರುಚಿತ್ರದಲ್ಲಿ, ಚಿನ್ನ ಅರಸಿ ಡಾಸನ್ ಪಟ್ಟಣಕ್ಕೆ ಬಂದವರ ಹಳೆಯ ಫೋಟೋಗಳ ಮೇಲೆ ನಮ್ಮ ನೋಟವನ್ನು ಒಯ್ಯುವುದು ಫೋಕಸ್ ಅಲ್ಲ, ನಿಧಾನವಾಗಿ ಸರಿಯುವ ಕ್ಯಾಮೆರಾ.

ನೀವು ಕಂಡದ್ದು ಕಂಪ್ಯೂಟರಿನ ಕೆಲಸ. ಸ್ಕ್ಯಾನ್ ಮಾಡಿದ ಫೋಟೋದಿಂದ ಮುಂದಿನ ಸಾಲಿನವರನ್ನು ಅಂಚು ಹಿಡಿದು ಬಿಡಿಸಿ ಒಂದು ಪದರದಲ್ಲಿಟ್ಟು, ಹಿಂದಿನವರನ್ನು ಇನ್ನೊಂದರಲ್ಲಿಟ್ಟು, ಒಂದರ ಮಸುಕು ಏರುತ್ತಿರುವಾಗಲೇ ಇನ್ನೊಂದರದ್ದು ಇಳಿಯುವಂತೆ ಮಾಡುತ್ತಾರೆ. ಕೆಲಸ ಕೆಡುವುದು ಹೆಚ್ಚಾಗಿ ಅಂಚಿನಲ್ಲೇ. ಮುಂದಿನವರನ್ನು ಬಿಡಿಸಿಕೊಂಡ ಮೇಲೂ ಹಿಂದಿನ ಪದರದಲ್ಲಿ ಅವರ ಆಕೃತಿಯನ್ನು ಹಾಗೆಯೇ ಬಿಟ್ಟರೆ, ಆ ಪದರ ಮಸುಕಾದಾಗ ಅವರ ಬಣ್ಣ ಹೊರಕ್ಕೆ ಹರಡಿ ತಲೆಯ ಸುತ್ತ ಕೊಳಕು ಪ್ರಭೆಯೊಂದು ಮೂಡುತ್ತದೆ. ಆದ್ದರಿಂದ ಮೊದಲು ಆ ಜಾಗದಲ್ಲಿ ಗೋಡೆ, ಕುರ್ಚಿಯ ಬೆನ್ನು, ಹಿಂದಿನವರ ಪಂಚೆಯ ನೆರಿಗೆಗಳನ್ನು ತುಂಬಿ, ಆಮೇಲೆ ಮಸುಕು ಮಾಡಬೇಕು. ಈ ತಾಳ್ಮೆಯ ಕೆಲಸಕ್ಕೆ ಅಡ್ಡದಾರಿಯಿಲ್ಲವೆಂದೇ ನನ್ನ ಅನಿಸಿಕೆ.

ಮಸುಕಿನ ಬಗೆಯೂ ಮುಖ್ಯ. ತಂತ್ರಾಂಶಗಳಲ್ಲಿ ಸಿಗುವ ಸಾಮಾನ್ಯ ಮಸುಕು, ಅಂದರೆ ಗಾಸಿಯನ್ ಬ್ಲರ್, ಎಲ್ಲವನ್ನೂ ಕಲಸಿ ಬಿಡುತ್ತದೆ. ನಿಜವಾದ ಲೆನ್ಸಿನಲ್ಲಾದರೋ ಕೋಟಿನ ಹಿತ್ತಾಳೆ ಗುಂಡಿಯ ಮೇಲಿನ ಹೊಳಪು ಪುಟ್ಟ ಬೆಳಕಿನ ಬಿಲ್ಲೆಯಾಗಿ ಅರಳುತ್ತದೆ. ಇದನ್ನು ಅನುಕರಿಸುವ 'ಲೆನ್ಸ್ ಬ್ಲರ್' ಎಂಬ ಸೌಲಭ್ಯ ಆಫ್ಟರ್ ಎಫೆಕ್ಟ್ಸ್‌ನಂಥ ತಂತ್ರಾಂಶಗಳಲ್ಲಿದೆ. ಮಸುಕಾದ ಪದರದಲ್ಲಿ ಹಳೆಯ ಫಿಲ್ಮಿನ ಕಣಗಳೂ ಅಳಿಸಿಹೋಗುವುದರಿಂದ, ಕೊನೆಗೆ ಇಡೀ ಚಿತ್ರಕ್ಕೆ ಒಂದೇ ಬಗೆಯ ಕಣಗಳನ್ನು ಮತ್ತೆ ಸೇರಿಸದಿದ್ದರೆ ಎರಡು ಸಾಲುಗಳೂ ಬೇರೆ ಬೇರೆ ಫೋಟೋಗಳಂತೆ ಕಾಣುತ್ತವೆ.

ಇಷ್ಟೆಲ್ಲ ಸಾಧ್ಯವಾಗುವುದು ಮೂಲ ಫೋಟೋದಲ್ಲಿ ಎರಡೂ ಸಾಲು ಸ್ಪಷ್ಟವಾಗಿದ್ದಾಗ ಮಾತ್ರ. ಮೂಲದಲ್ಲೇ ಮಸುಕಾಗಿರುವ ಮುಖವನ್ನು ತಂತ್ರಾಂಶ ಊಹಿಸಿ ತಿದ್ದಿದರೆ ಅದು ಆ ವ್ಯಕ್ತಿಯ ಮುಖವಲ್ಲ. ಸಾಕ್ಷ್ಯಚಿತ್ರದಲ್ಲಿ ಹಾಗೆ ಮಾಡಬಾರದು.

ಸ್ಕ್ಯಾನ್ ಮಾಡುವಾಗ ಒಂದು ಲೆಕ್ಕ ನೆನಪಿರಲಿ. ಪೂರ್ಣ ಎಚ್‌ಡಿ ಪರದೆಯ ಅಗಲ 1920 ಪಿಕ್ಸೆಲ್. ಫೋಟೋದ ಮೂರನೇ ಒಂದು ಭಾಗದಷ್ಟು ಅಗಲವೇ ಪರದೆ ತುಂಬಬೇಕಾದರೆ ಇಡೀ ಫೋಟೋಗೆ 5760 ಪಿಕ್ಸೆಲ್ ಅಗಲ ಬೇಕು. 6 ಅಂಗುಲದ ಫೋಟೋವನ್ನು 300 ಡಿಪಿಐಯಲ್ಲಿ (ಅಂಗುಲಕ್ಕೆ 300 ಪಿಕ್ಸೆಲ್) ಸ್ಕ್ಯಾನ್ ಮಾಡಿದರೆ ಸಿಗುವುದು 1800 ಮಾತ್ರ. 1200 ಡಿಪಿಐಯಲ್ಲಿ 7200 ಸಿಗುತ್ತದೆ.