ಗಂಡನ ಟ್ಯಾಕ್ಸ್ ಬಾಕಿ ಇದ್ದರೆ ನನಗೆ ಅಮೆರಿಕದ ಸಿಟಿಜನ್‌ಶಿಪ್ ಸಿಗುತ್ತದೆಯೇ?

ಪ್ರಶ್ನೆ: ನನಗೆ ಗ್ರೀನ್ ಕಾರ್ಡ್ ಬಂದು ಐದು ವರ್ಷ ಆಗುತ್ತಾ ಬಂತು. ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಬೇಕು ಅಂತಿದ್ದೇನೆ. ನಮ್ಮ ಯಜಮಾನರು ಸ್ವಂತ ಬಿಸಿನೆಸ್ ಮಾಡುತ್ತಾರೆ. ಐಆರ್‌ಎಸ್‌ಗೆ, ಅಂದರೆ ಅಮೆರಿಕದ ಫೆಡರಲ್ ಟ್ಯಾಕ್ಸ್ ಇಲಾಖೆಗೆ, ಹಳೇ ಟ್ಯಾಕ್ಸ್ ಬಾಕಿ ಉಳಿಸಿಕೊಂಡಿದ್ದಾರೆ. ನನ್ನ ಸಂಬಳದ ಟ್ಯಾಕ್ಸ್ ತಿಂಗಳು ತಿಂಗಳು ಮುರಿದುಕೊಂಡೇ ಬರುತ್ತದೆ. ಅವರ ಬಾಕಿಯಿಂದ ನನ್ನ ಅರ್ಜಿಗೆ ತೊಂದರೆಯೇ?

ಉತ್ತರ: ಮೊದಲು ಒಂದು ನೋಡಿಕೊಳ್ಳಿ. ಬಾಕಿ ಇರುವ ವರ್ಷಗಳ ರಿಟರ್ನ್ ಮೇಲೆ ನಿಮ್ಮ ಸಹಿ ಇದೆಯೇ? ಹಣ ಯಾರು ದುಡಿದದ್ದು ಎನ್ನುವುದಕ್ಕಿಂತ ಇದು ಮುಖ್ಯ.

ಇಬ್ಬರೂ ಸೇರಿ ಜಾಯಿಂಟ್ ರಿಟರ್ನ್ ಹಾಕಿದ್ದರೆ ಆ ಬಾಕಿ ಇಬ್ಬರದೂ. ಅರ್ಧರ್ಧ ಅಲ್ಲ, ಪೂರ್ತಿ. ಐಆರ್‌ಎಸ್ ಇಡೀ ಮೊತ್ತವನ್ನು ನಿಮ್ಮೊಬ್ಬರಿಂದಲೇ ವಸೂಲಿ ಮಾಡಬಹುದು. ವಿಚ್ಛೇದನವಾಗಿ, ಬಾಕಿಯನ್ನು ಗಂಡನೇ ಕಟ್ಟಬೇಕೆಂದು ಕೋರ್ಟು ಬರೆದುಕೊಟ್ಟರೂ ಐಆರ್‌ಎಸ್ ಅದನ್ನು ಒಪ್ಪಬೇಕಿಲ್ಲ. ಹಾಗಾಗಿ ಎನ್-400 ಎಂಬ ಸಿಟಿಜನ್‌ಶಿಪ್ ಅರ್ಜಿಯಲ್ಲಿ 'ಫೆಡರಲ್, ಸ್ಟೇಟ್ ಅಥವಾ ಲೋಕಲ್ ಟ್ಯಾಕ್ಸ್ ಬಾಕಿ ಇದೆಯೇ' ಎಂದು ಕೇಳಿದಾಗ ನಿಮ್ಮ ಉತ್ತರ 'ಹೌದು' ಆಗಿರಬೇಕು.

ನೀವು ಬೇರೆಯಾಗಿ, ಅಂದರೆ 'ಮ್ಯಾರೀಡ್ ಫೈಲಿಂಗ್ ಸೆಪರೇಟ್ಲಿ' ಎಂದು ರಿಟರ್ನ್ ಹಾಕಿದ್ದರೆ, ಅಥವಾ ಬಾಕಿ ಮದುವೆಗೆ ಮುಂಚಿನದಾಗಿದ್ದರೆ, ಅದು ಸಾಮಾನ್ಯವಾಗಿ ಅವರದು. ಅರ್ಜಿ ಕೇಳುವುದು ನಿಮ್ಮ ಬಾಕಿಯನ್ನು. ಆದರೆ ಕ್ಯಾಲಿಫೋರ್ನಿಯಾ, ಟೆಕ್ಸಸ್, ವಾಷಿಂಗ್ಟನ್, ಅರಿಜೋನಾ ಸೇರಿ 9 ರಾಜ್ಯಗಳಲ್ಲಿ ಲೆಕ್ಕ ಬೇರೆ. ನಮ್ಮವರು ಜಾಸ್ತಿ ಇರುವ ಊರುಗಳು ಇಲ್ಲೇ ಇವೆ, ಅಲ್ವಾ? ಈ ರಾಜ್ಯಗಳ ಕಾನೂನಿನಲ್ಲಿ ಮದುವೆಯಾದ ಮೇಲಿನ ಗಳಿಕೆಯಲ್ಲಿ ಅರ್ಧ ಹೆಂಡತಿಯದು, ಅರ್ಧ ಗಂಡನದು. ಬೇರೆಯಾಗಿ ಹಾಕುವಾಗಲೂ ಸಾಮಾನ್ಯವಾಗಿ ಇಬ್ಬರ ಗಳಿಕೆ ಕೂಡಿಸಿ ಅರ್ಧ ತೋರಿಸಬೇಕು. ನಿಮ್ಮ ಸಂಬಳ ಮಾತ್ರ ತೋರಿಸಿದ್ದರೆ ನಿಮ್ಮ ರಿಟರ್ನೇ ತಪ್ಪಾಗಿರಬಹುದು. ಇಲ್ಲಿ ಸಿಪಿಎ (ಲೈಸೆನ್ಸ್ ಇರುವ ಅಕೌಂಟೆಂಟ್) ಒಬ್ಬರಿಗೆ ಫೀಸು ಕೊಟ್ಟು ಕೇಳುವುದು ವ್ಯರ್ಥವಲ್ಲ.

ನೆನಪಿನ ಮೇಲೆ ಉತ್ತರ ಬರೆಯಬೇಡಿ. ಐಆರ್‌ಎಸ್ ವೆಬ್‌ಸೈಟ್‌ನಲ್ಲಿ ನಿಮ್ಮ ಹೆಸರಿನಲ್ಲೇ ಲಾಗಿನ್ ಆಗಿ ಪ್ರತಿ ವರ್ಷದ ಅಕೌಂಟ್ ಟ್ರಾನ್ಸ್‌ಕ್ರಿಪ್ಟ್ (ಆ ವರ್ಷದ ಟ್ಯಾಕ್ಸ್ ಲೆಕ್ಕದ ಹಾಳೆ) ಇಳಿಸಿಕೊಳ್ಳಿ. ದುಡ್ಡು ಕೊಡಬೇಕಿಲ್ಲ. ಮೇಲ್ಗಡೆ 'ಅಕೌಂಟ್ ಬ್ಯಾಲೆನ್ಸ್' ಎಂಬ ಸಾಲು ಇರುತ್ತದೆ. ಅದರ ಹತ್ತಿರವೇ ಬಡ್ಡಿ ಬೇರೆ, ದಂಡ ಬೇರೆ ತೋರಿಸಿರುತ್ತಾರೆ. ಫೈಲಿಂಗ್ ಸ್ಟೇಟಸ್ ಜಾಯಿಂಟೋ ಸೆಪರೇಟೋ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಕೆಳಗಿನ ಪಟ್ಟಿಯಲ್ಲಿ 150 ಎಂಬ ಕೋಡ್ ಇದ್ದರೆ ರಿಟರ್ನ್ ದಾಖಲಾಗಿ ಟ್ಯಾಕ್ಸ್ ನಿಗದಿಯಾಗಿದೆ ಎಂದರ್ಥ. 670 ಎಂದರೆ ಆಮೇಲೆ ಕಟ್ಟಿದ ಹಣ. ಮನೆಯಲ್ಲಿ ಟ್ಯಾಕ್ಸ್ ಕಾಗದವನ್ನೆಲ್ಲ ಗಂಡನೇ ನೋಡಿಕೊಳ್ಳುವುದು ನಮ್ಮಲ್ಲಿ ರೂಢಿ. ಎಷ್ಟೋ ಹೆಣ್ಣುಮಕ್ಕಳು ರಿಟರ್ನ್ ಓದದೆ ಸುಮ್ನೆ ಸಹಿ ಮಾಡಿರುತ್ತಾರೆ. ದಯವಿಟ್ಟು ಈ ಹಾಳೆಗಳನ್ನು ನೀವೇ ತೆಗೆದು, ನೀವೇ ಓದಿ.

ಜಾಯಿಂಟ್ ಬಾಕಿ ಇದೆ ಎಂದುಕೊಳ್ಳಿ. ಬಾಗಿಲು ಮುಚ್ಚಿತೇ? ಇಲ್ಲ. ಇಮಿಗ್ರೇಷನ್‌ನವರು ನೋಡುವುದು ನಡತೆಯನ್ನು, ಅದರಲ್ಲೂ ಮುಖ್ಯವಾಗಿ ಕಳೆದ ಐದು ವರ್ಷದ್ದು. ರಿಟರ್ನ್ ಹಾಕದಿರುವುದು, ಟ್ಯಾಕ್ಸ್ ಕಟ್ಟದಿರುವುದು ನಡತೆಗೆ ಕಪ್ಪುಚುಕ್ಕೆ ಆಗಬಹುದು. ಆದರೆ ರಿಟರ್ನ್ ಎಲ್ಲ ಹಾಕಿ, ಬಾಕಿ ತೀರಿಸಿದ್ದಕ್ಕೆ ಅಥವಾ ತೀರಿಸಲು ಒಪ್ಪಂದ ಮಾಡಿಕೊಂಡಿದ್ದಕ್ಕೆ ಟ್ಯಾಕ್ಸ್ ಇಲಾಖೆಯ ಪತ್ರ ತೋರಿಸಿದರೆ ಆ ತೊಡಕು ನಿವಾರಣೆಯಾಗಬಹುದು ಎಂದು ಅವರ ನೀತಿಯೇ ಹೇಳುತ್ತದೆ. ಸಾಲ ಇದ್ದದ್ದಕ್ಕಿಂತ ಸಾಲಕ್ಕೆ ಬೆನ್ನು ತಿರುಗಿಸಿದ್ದೇ ಅರ್ಜಿಗೆ ಹೆಚ್ಚು ಕೆಡುಕು.

ಆದ್ದರಿಂದ ಅರ್ಜಿಗೆ ಮುಂಚೆ ಕಂತಿನ ಒಪ್ಪಂದ ಮಾಡಿಕೊಳ್ಳಿ. ಟ್ಯಾಕ್ಸ್, ದಂಡ, ಬಡ್ಡಿ ಸೇರಿ 50,000 ಡಾಲರ್ ಒಳಗಿದ್ದರೆ ಆನ್‌ಲೈನ್‌ನಲ್ಲೇ ತಿಂಗಳ ಕಂತಿಗೆ ಅರ್ಜಿ ಹಾಕಬಹುದು. ಇಲ್ಲವಾದರೆ 9465 ಎಂಬ ಫಾರ್ಮ್ ಇದೆ. ಹಾಕದೆ ಉಳಿದ ರಿಟರ್ನ್ ಇದ್ದರೆ ಮೊದಲು ಅದನ್ನು ಹಾಕಿ. ಅದಿಲ್ಲದೆ ಐಆರ್‌ಎಸ್ ಕಂತಿಗೆ ಒಪ್ಪುವುದಿಲ್ಲ. ಒಪ್ಪಂದದ ಪತ್ರ, ಕಂತು ಕಟ್ಟಿದ ದಾಖಲೆ, ಹೊಸ ಟ್ರಾನ್ಸ್‌ಕ್ರಿಪ್ಟ್ ಈ ಮೂರನ್ನೂ ಅರ್ಜಿಯ ಜೊತೆ ಇಡಿ. ಇಂಟರ್‌ವ್ಯೂ ದಿನ ಅವುಗಳ ತಾಜಾ ಪ್ರತಿ ಕೈಯಲ್ಲಿರಲಿ. ರಾಜ್ಯದ ಟ್ಯಾಕ್ಸ್ ಬಾಕಿಗೆ ಐಆರ್‌ಎಸ್ ಒಪ್ಪಂದ ಅನ್ವಯಿಸುವುದಿಲ್ಲ. ಅದಕ್ಕೆ ಬೇರೆಯೇ ಒಪ್ಪಂದ ಬೇಕು.

'ನನಗೆ ಗೊತ್ತೇ ಇರಲಿಲ್ಲ, ಅವರು ಆದಾಯ ಮುಚ್ಚಿಟ್ಟಿದ್ದರು' ಎನ್ನುವವರಿಗೆ 8857 ಫಾರ್ಮ್ ಇದೆ. 'ಇನ್ನೊಸೆಂಟ್ ಸ್ಪೌಸ್' ಪರಿಹಾರ ಎನ್ನುತ್ತಾರೆ. ಐಆರ್‌ಎಸ್ ನಿಮ್ಮಿಂದ ವಸೂಲಿ ಶುರು ಮಾಡಿದ ಎರಡು ವರ್ಷದೊಳಗೆ ಹಾಕುವುದು ಕ್ಷೇಮ. ರಿಟರ್ನ್‌ನಲ್ಲಿ ಸರಿಯಾಗಿ ತೋರಿಸಿ ಕಟ್ಟದೇ ಬಿಟ್ಟ ಟ್ಯಾಕ್ಸ್‌ಗೆ ಈ ಪರಿಹಾರ ಸಿಗುವುದು ಕಷ್ಟ. ಅವರ ಮದುವೆಗೆ ಮುಂಚಿನ ಬಾಕಿಗೆ ನಿಮ್ಮ ಜಾಯಿಂಟ್ ರಿಫಂಡ್ ಹಿಡಿದುಕೊಂಡಿದ್ದರೆ ಅದಕ್ಕೆ ಬೇರೆ ಫಾರ್ಮ್, 8379.

ಇನ್ನು ಮುಂದೆ ಬೇರೆಯಾಗಿ ರಿಟರ್ನ್ ಹಾಕಬಹುದೇ ಎಂದರೆ, ಹಾಕಬಹುದು. ಒಂದಿಷ್ಟು ವಿನಾಯಿತಿ ಕೈಬಿಡುತ್ತದೆ, ಅಷ್ಟೇ. ಹಳೇ ಜಾಯಿಂಟ್ ರಿಟರ್ನನ್ನು ಗಡುವು ದಾಟಿದ ಮೇಲೆ ಸೆಪರೇಟ್ ಎಂದು ಬದಲಾಯಿಸಲು ಮಾತ್ರ ಆಗುವುದಿಲ್ಲ. ಗಂಡನ ಜೊತೆ ಒಂದೇ ಮನೆಯಲ್ಲಿದ್ದುಕೊಂಡು 'ಸಿಂಗಲ್' ಎಂದು ಹಾಕುವ ಕೆಲಸ ಬೇಡವೇ ಬೇಡ. ಎನ್-400ರಲ್ಲಿ ಮದುವೆಯಾಗಿದೆ ಎಂದು ಬರೆದು, ರಿಟರ್ನ್‌ನಲ್ಲಿ ಇಲ್ಲ ಎಂದರೆ ಆಫೀಸರ್ ಕಣ್ಣಿಗೆ ಬೀಳುತ್ತದೆ.

ಗಂಡ ಅಮೆರಿಕದ ಪ್ರಜೆಯಾಗಿದ್ದು, ಐದರ ಬದಲು ಮೂರೇ ವರ್ಷಕ್ಕೆ ಅರ್ಜಿ ಹಾಕಲು ಬಿಡುವ ನಿಯಮದಲ್ಲಿ ಅರ್ಜಿ ಹಾಕುವವರಿಗೆ ಇನ್ನೊಂದು ಇಕ್ಕಟ್ಟು. ಅಲ್ಲಿ ಒಟ್ಟಿಗೆ ಸಂಸಾರ ಮಾಡುತ್ತಿರುವುದನ್ನು ತೋರಿಸಬೇಕು. ಅದಕ್ಕೆ ಜಾಯಿಂಟ್ ರಿಟರ್ನ್ ಒಳ್ಳೆಯ ಪುರಾವೆ. ಅದೇ ರಿಟರ್ನ್ ಬಾಕಿಯನ್ನೂ ನಿಮ್ಮ ತಲೆಗೆ ಕಟ್ಟುತ್ತದೆ. ಐದು ವರ್ಷ ಕಾಯಲು ಸಾಧ್ಯವಿದ್ದರೆ ಕಾಯುವುದೇ ಲೇಸು ಎಂದು ನನ್ನ ಅಭಿಪ್ರಾಯ. ಆಗ ಅರ್ಜಿ ನಿಮ್ಮ ಗ್ರೀನ್ ಕಾರ್ಡಿನ ಮೇಲೆಯೇ ನಿಲ್ಲುತ್ತದೆ.

ಊರಿನ ಲೆಕ್ಕವನ್ನೂ ಒಮ್ಮೆ ತಾಳೆ ನೋಡಿ. ಗ್ರೀನ್ ಕಾರ್ಡ್ ಇರುವವರು ಪ್ರಪಂಚದ ಎಲ್ಲ ಕಡೆಯ ಆದಾಯವನ್ನೂ ಅಮೆರಿಕದಲ್ಲಿ ತೋರಿಸಬೇಕು. ಬೆಂಗಳೂರಿನ ಮನೆ ಬಾಡಿಗೆ, ಎಫ್‌ಡಿ ಬಡ್ಡಿ ಎಲ್ಲ ಸೇರಿತು. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ಎಂಬ ವರದಿ ಬೇರೆ ಕೊಡಬೇಕು. ಬಿಟ್ಟುಹೋಗಿದ್ದರೆ ಇಂಟರ್‌ವ್ಯೂಗೆ ಮುಂಚೆಯೇ ಸರಿಪಡಿಸಿ.

ಇಂಟರ್‌ವ್ಯೂನಲ್ಲಿ ಪ್ರಮಾಣ ಮಾಡಿಸಿಯೇ ಕೇಳುತ್ತಾರೆ. ಅಲ್ಲಿ ಗೊತ್ತಿದ್ದೂ 'ಬಾಕಿ ಇಲ್ಲ' ಎಂದರೆ, ಆ ಸುಳ್ಳೊಂದೇ ಅರ್ಜಿ ತಿರಸ್ಕರಿಸಲು ಸಾಕು. ಕಂತು ಕಟ್ಟುತ್ತಿರುವ ಬಾಕಿಯನ್ನು ಹೇಳಿಕೊಂಡರೆ ಆಫೀಸರ್ ಪತ್ರ ಕೇಳುತ್ತಾರೆ, ನೀವು ಕೊಡುತ್ತೀರಿ.

ಸಿಟಿಜನ್‌ಶಿಪ್ ಸಿಕ್ಕ ಮೇಲೂ ಈ ಬಾಕಿಯನ್ನು ಮರೆಯುವಂತಿಲ್ಲ. ಜಾಯಿಂಟ್ ಬಾಕಿ ಒಂದು ಮಿತಿಗಿಂತ ಜಾಸ್ತಿ ಇದ್ದು (ಮೊದಲು 50,000 ಡಾಲರ್ ಇದ್ದ ಈ ಮಿತಿ ಹಣದುಬ್ಬರ ನೋಡಿಕೊಂಡು ವರ್ಷ ವರ್ಷ ಏರುತ್ತದೆ, 2025ರಲ್ಲಿ 64,000 ಡಾಲರ್ ಇತ್ತು) ಐಆರ್‌ಎಸ್ ಜಪ್ತಿ ಹಂತಕ್ಕೆ ಬಂದಿದ್ದರೆ, ಅಮೆರಿಕ ಸರ್ಕಾರ ನಿಮಗೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಪ್ರಮಾಣವಚನದ ದಿನವೇ ನಿಮ್ಮ ಭಾರತದ ಪೌರತ್ವ ಹೋಗಿರುತ್ತದೆ. ಹಳೇ ಪಾಸ್‌ಪೋರ್ಟ್ ಬಳಸುವಂತಿಲ್ಲ. ಊರಲ್ಲಿ ಅಪ್ಪ ಅಮ್ಮನಿಗೆ ಹುಷಾರಿಲ್ಲ ಎಂದರೆ ಹೊರಡಲು ಕೈಯಲ್ಲಿ ಯಾವ ಪಾಸ್‌ಪೋರ್ಟೂ ಇರುವುದಿಲ್ಲ. ಕಂತಿನ ಒಪ್ಪಂದ ಜಾರಿಯಲ್ಲಿದ್ದು, ಹಣ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದರೆ ಈ ನಿರ್ಬಂಧ ಬರುವುದಿಲ್ಲ.