ಸೀಟು ಕೂಡಿಸಿದ ಮೇಲೆ ಲೈಟು ಯಾಕ ಹತ್ತವಲ್ದು?

ಪ್ರಶ್ನೆ: “ಸರ್, ನಮ್ಮ ಅಪ್ಪಾರ ಪದ್ಮಿನಿ ಕಾರಿಗೆ ಹೊಸ ಕಾರ್ಪೆಟ್, ಸೀಟ್ ಕವರ್, ರೂಫ್ ಲೈನಿಂಗ್ ಹಾಕಿಸಿದ್ವಿ. ಡ್ಯಾಶ್‌ಬೋರ್ಡ್ ಬಿಚ್ಚಿ, ಡಿಕ್ಕಿ ಒಳಗೆಲ್ಲಾ ಬಣ್ಣ ಹೊಡಿಸಿ ಮತ್ತ ಕೂಡಿಸಿದ್ವಿ. ಬಿಚ್ಚೂಕಿಂತ ಮೊದಲ ಎಲ್ಲಾ ಲೈಟ್ ಹತ್ತತಿದ್ವು. ಈಗ ಬ್ರೇಕ್ ಒತ್ತಿದ್ರ ಇಂಡಿಕೇಟರ್ ಹತ್ತತೈತಿ, ಪೆಟ್ರೋಲ್ ಮುಳ್ಳು ಕುಣಿತೈತಿ, ಒಂದು ಫ್ಯೂಸ್ ಹಾಕಿದಂಗ ಹಾರತೈತಿ. ವೈರಿಂಗ್ ಹಳೇದಾಗೈತಿ, ಪೂರಾ ಬದಲಿ ಮಾಡ್ರಿ ಅಂತ ಗ್ಯಾರೇಜಿನವ್ರು ಅನ್ನಾಕತ್ತಾರ. ಏನ್ ಮಾಡೂದ್ರಿ?”

ಈ ಪ್ರಶ್ನೆ ಎಷ್ಟನೇ ಸಲ ಬಂತು ಎಂದು ಎಣಿಸುವುದನ್ನು ಬಿಟ್ಟಿದ್ದೇನೆ. ಗದಗದಿಂದ ಬಂದಿದೆ, ರಾಣೆಬೆನ್ನೂರಿನಿಂದ ಬಂದಿದೆ, ಇಲ್ಲೇ ಹುಬ್ಬಳ್ಳಿಯ ಗೋಕುಲ ರೋಡಿನ ಆಚೆ ಬದಿಯಿಂದಲೂ ಬಂದಿದೆ. ಗಾಡಿ ಬೇರೆ ಬೇರೆ. ಒಮ್ಮೆ ಪದ್ಮಿನಿ, ಒಮ್ಮೆ ಅಂಬಾಸಿಡರ್, ಒಮ್ಮೆ ಯಾರದೋ ಅಜ್ಜನ ಮೋರಿಸ್. ಆದರೆ ‘ವೈರಿಂಗ್ ಹಳೇದಾಗೈತಿ’ ಅನ್ನುವ ಮಾತು ಮಾತ್ರ ಒಂದಕ್ಷರ ಬದಲಾಗದೆ ಬರುತ್ತದೆ.

ಆಗಿಲ್ಲರೀ. ಶನಿವಾರ ಮುಂಜಾನೆ ಸೀಟು ಬಿಚ್ಚುವಾಗ ಗಟ್ಟಿಯಾಗಿದ್ದ ವೈರಿಗೆ ಭಾನುವಾರ ಸಂಜೆ ಸೀಟು ಕೂಡಿಸುವಷ್ಟರಲ್ಲಿ ಮುಪ್ಪು ಬಂತೇ? ಪ್ರಶ್ನೆಯಲ್ಲೇ ನೀವು ಉತ್ತರ ಬರೆದಿದ್ದೀರಿ: ‘ಬಿಚ್ಚೂಕಿಂತ ಮೊದಲ ಎಲ್ಲಾ ಹತ್ತತಿದ್ವು.’ ಹಾಗಾದರೆ ಕೆಟ್ಟಿರುವುದು ಬಿಚ್ಚಿ ಕೂಡಿಸುವಾಗ ಕೈ ಆಡಿದ ಜಾಗ. ಅಲ್ಲಿ ಹುಡುಕುವುದನ್ನು ಬಿಟ್ಟು ಬಂಪರಿನಿಂದ ಬಂಪರ್‌ವರೆಗೆ ಹೊಸ ವೈರು ಎಳೆಯುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ತಾಮ್ರದಲ್ಲಿ ಕರೆಂಟ್ ಹರಿದು ಹರಿದು ತಾಮ್ರ ಸವೆಯುವುದಿಲ್ಲ. ಅದೇನು ಬಾವಿಯ ಹಗ್ಗವಲ್ಲ. ಮುಪ್ಪು ಬರುವುದು ಮೇಲಿನ ಸಿಪ್ಪೆಗೆ, ಅದೂ ಎಂಜಿನ್ನಿನ ಕಾವು ತಾಗುವ ಕಡೆ. ಕಾರ್ಪೆಟ್ಟಿನ ಅಡಿ, ಡ್ಯಾಶ್‌ಬೋರ್ಡಿನ ಹಿಂದೆ ನೆರಳಲ್ಲಿ ಮಲಗಿದ ವೈರು ನಲವತ್ತು ವರ್ಷದ ಮೇಲೂ ಮೆತ್ತಗೆ ಇರುವುದನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಅನುಮಾನವಿದ್ದರೆ ಹೆಡ್‌ಲೈಟ್ ಹಿಂದಿನ ಒಂದು ವೈರನ್ನು ಎರಡು ಬೆರಳಿನಲ್ಲಿ ಹಿಡಿದು ಪೂರ್ತಿ ಮಡಚಿ. ಸಿಪ್ಪೆ ಬಿರಿದು ಉದುರಿದರೆ ಆ ಭಾಗ ಬದಲಿಸಿ. ಸಿಪ್ಪೆ ಸುಲಿದಾಗ ಒಳಗೆ ತಾಮ್ರ ಹಸಿರು ಪುಡಿಯಾಗಿದ್ದರೆ, ಇಲಿ ಕಡಿದಿದ್ದರೆ, ಹಿಂದೆ ಯಾವಾಗಲೋ ಸುಟ್ಟು ಒಂದಕ್ಕೊಂದು ಅಂಟಿದ್ದರೆ, ಆಗಲೂ ಬದಲಿಸಿ. ಇವ್ಯಾವೂ ಇಲ್ಲದೆ ‘ಹಳೇದು’ ಅಂದರೆ ಅದು ವಯಸ್ಸಿನ ಲೆಕ್ಕ ಅಷ್ಟೇ, ರೋಗದ ಹೆಸರಲ್ಲ. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಕೊನೆಯ ವರ್ಷಗಳ ಗಾಡಿ ತಂದವರಿಗೂ ಇದೇ ಮಾತು ಹೇಳಿ ಕಳಿಸಿದ್ದಾರೆ ಅಂದರೆ ಏನು ಹೇಳೋಣ?

ಹಾವೇರಿ ಕಡೆಯ ಒಬ್ಬರು ಹಾಗೆ ಪೂರಾ ವೈರಿಂಗ್ ಬದಲಿಸಿಕೊಂಡೇ ನನ್ನ ಹತ್ತಿರ ಬಂದರು. ಎಲ್ಲಿ ಮಾಡಿಸಿದರು ಎಂಬುದು ಬೇಡ. ಹೊಸ ವೈರು, ಹೊಸ ಟೇಪು, ನೋಡಲು ಚೆಂದ. ಬ್ರೇಕ್ ಒತ್ತಿದರೆ ಅದೇ ಎಡ ಇಂಡಿಕೇಟರ್, ಮೊದಲಿನ ಹಾಗೆಯೇ ಮಂದವಾಗಿ ಹತ್ತುತ್ತಿತ್ತು. ‘ಇಷ್ಟ್ ರೊಕ್ಕ ಹಾಕಿದ್ರೂ ಹೋಗಲಿಲ್ಲಲ್ರೀ’ ಅಂದರು. ಹೋಗುವುದು ಹೇಗೆ? ಹೊಸ ವೈರಿನ ತುದಿಯನ್ನೂ ಅದೇ ಬಣ್ಣದ ಮೇಲೆ ತಂದು ಬಿಗಿದಿದ್ದರು.

ಅಸಲು ವಿಷಯ ಇಲ್ಲಿದೆ. ಈ ಕಾರುಗಳಲ್ಲಿ ಕರೆಂಟಿಗೆ ಹೋಗುವುದಕ್ಕೆ ವೈರು, ಬರುವುದಕ್ಕೆ ತಗಡು. ಬಲ್ಬಿನವರೆಗೆ ಒಂದು ವೈರು ಹೋಗುತ್ತದೆ. ಅಲ್ಲಿಂದ ಬಲ್ಬಿನ ಹೋಲ್ಡರ್, ಹೋಲ್ಡರಿನ ಸ್ಕ್ರೂ, ಬಾಡಿಯ ತಗಡು, ಬಾಡಿಯಿಂದ ಬ್ಯಾಟರಿಗೆ ಹೋಗುವ ದಪ್ಪ ಪಟ್ಟಿ, ಹೀಗೆ ವಾಪಸ್ಸು. ಇದಕ್ಕೇ ಅರ್ಥ್ ಅನ್ನುತ್ತೇವೆ. ‘ಬಾಡಿ ಕಬ್ಬಿಣದ್ದ ಅಲ್ರೀ, ಅರ್ಥ್ ಎಲ್ಲಿ ಹೋಗತೈತಿ’ ಎಂದು ನಗುವವರಿದ್ದಾರೆ. ಬಾಡಿ ಕಬ್ಬಿಣದ್ದೇ. ಅದರ ಮೇಲಿನ ಬಣ್ಣ ಕಬ್ಬಿಣದ್ದಲ್ಲ. ಪ್ರೈಮರ್ ಒಂದು ಪದರ, ಬಣ್ಣ ಎರಡು ಪದರ, ಅದರ ಮೇಲೆ ಹೊಳಪು. ಇಷ್ಟರ ಮೇಲೆ ಹೋಲ್ಡರ್ ಕೂರಿಸಿ ಸ್ಕ್ರೂ ಬಿಗಿದರೆ ಅದು ಗಾಜಿನ ಮೇಲೆ ಕೂತ ಹಾಗೆ. ಪೇಂಟರ್ ಎಷ್ಟು ಚೊಕ್ಕ ಕೆಲಸ ಮಾಡಿದ್ದಾನೋ ನಿಮ್ಮ ಅರ್ಥ್ ಅಷ್ಟು ಚೊಕ್ಕ ಕೆಟ್ಟಿದೆ.

ಆಮೇಲೆ ಬ್ರೇಕ್ ಒತ್ತಿದರೆ ಇಂಡಿಕೇಟರ್ ಯಾಕೆ ಹತ್ತುತ್ತದೆ? ಹುಬ್ಬಳ್ಳಿಯಿಂದ ನವಲಗುಂದಕ್ಕೆ ಬಸ್ಸಿನಲ್ಲಿ ಹೋದಿರಿ, ವಾಪಸ್ ಬಸ್ ಇಲ್ಲ ಅಂದುಕೊಳ್ಳಿ. ಅಲ್ಲೇ ಕೂರುತ್ತೀರಾ? ಸಿಕ್ಕ ಟ್ರ್ಯಾಕ್ಟರ್ ಹತ್ತಿ ಅಣ್ಣಿಗೇರಿ ಸುತ್ತಿ ಮನೆ ಮುಟ್ಟುತ್ತೀರಿ. ಕರೆಂಟೂ ಅಷ್ಟೇ. ಬ್ರೇಕ್ ಬಲ್ಬಿನಿಂದ ಇಳಿದದ್ದಕ್ಕೆ ತಗಡು ಸಿಗಲಿಲ್ಲ. ಅದೇ ಹೋಲ್ಡರಿನಲ್ಲಿ ಪಕ್ಕಕ್ಕಿರುವ ಇಂಡಿಕೇಟರ್ ಬಲ್ಬಿನ ತಂತಿಯೊಳಗೆ ಹಿಂದುಮುಂದಾಗಿ ಹೊಕ್ಕು, ಮುಂದಿನ ಇಂಡಿಕೇಟರ್‌ವರೆಗೆ ಹೋಗಿ, ಅಲ್ಲಿನ ಅರ್ಥ್ ಹಿಡಿದು ಬರುತ್ತದೆ. ದಾರಿಯಲ್ಲಿ ಸಿಕ್ಕ ಬಲ್ಬುಗಳೆಲ್ಲ ಮಂದವಾಗಿ ಹತ್ತುತ್ತವೆ. ಇಂಡಿಕೇಟರ್ ಹಾಕಿದಾಗ ಪೆಟ್ರೋಲ್ ಮುಳ್ಳು ಕುಣಿಯುವುದೂ ಇದೇ ಕತೆ. ಮೀಟರುಗಳೂ ಸೂಚಕ ಬಲ್ಬುಗಳೂ ಹಂಚಿಕೊಂಡಿದ್ದ ಅರ್ಥ್ ವೈರನ್ನು ಡ್ಯಾಶ್‌ಬೋರ್ಡ್ ಕೂಡಿಸುವಾಗ ಯಾರೋ ಬಿಟ್ಟಿದ್ದಾರೆ, ಇಲ್ಲವೇ ಬಣ್ಣದ ಮೇಲೆ ಬಿಗಿದಿದ್ದಾರೆ.

ಹಾವೇರಿಯವರ ಗಾಡಿಯಲ್ಲಿ ಏನು ಮಾಡಿದೆ ಹೇಳುತ್ತೇನೆ, ನೀವೂ ಮಾಡಬಹುದು. ಮಲ್ಟಿಮೀಟರನ್ನು ವೋಲ್ಟ್‌ಗೆ ಇಟ್ಟೆ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಅದಕ್ಕೊಂದು ಉದ್ದ ವೈರು ಜೋಡಿಸಿಕೊಳ್ಳಬೇಕಾಗುತ್ತದೆ. ಕೆಂಪು ಕಡ್ಡಿ ಹಿಂದಿನ ಎಡ ಲೈಟಿನ ಹೋಲ್ಡರಿನ ತಗಡಿನ ಮೇಲೆ. ಅವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿದೆ. ಅರ್ಥ್ ಸರಿಯಿದ್ದರೆ ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು, 0.1 ಬಂದರೂ ನಡೆಯುತ್ತದೆ. ಬಂದದ್ದು 6.8. ಹೋಲ್ಡರ್ ಬಿಚ್ಚಿ, ಅದು ಕೂರುವ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಎಮರಿ ಪೇಪರಿನಿಂದ ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದೆ. 0.06. ಬ್ರೇಕ್ ಲೈಟ್ ಹಿಂದಿನ ಗೋಡೆಯ ಮೇಲೆ ಕೆಂಪಗೆ ಬಿತ್ತು. ಅವರು ಸೀಟಿನಿಂದ ಇಳಿದು ಬಂದು ಆ ನಾಣ್ಯದಗಲದ ಗುರುತನ್ನೇ ನೋಡುತ್ತ ನಿಂತರು. ಬಿಗಿದ ಮೇಲೆ ಸುತ್ತಲೂ ವ್ಯಾಸಲಿನ್ ಹಚ್ಚಿ, ಮಳೆಗಾಲದ ತುಕ್ಕು ಬರುವುದಿಲ್ಲ. ಬಿಗಿಯುವ ಮೊದಲಲ್ಲ, ಬಿಗಿದ ಮೇಲೆ.

ಇಲ್ಲಿ ಒಬ್ಬರಲ್ಲ ಒಬ್ಬರು ಬಾಯಿ ಹಾಕುತ್ತಾರೆ: ‘ನಾವೂ ಮೀಟರ್ ಹಚ್ಚಿ ನೋಡೀವ್ರೀ, ಬೀಪ್ ಬಂತು. ಅರ್ಥ್ ಚೊಲೋ ಐತಿ.’ ಆ ಬೀಪನ್ನು ನಂಬಿಯೇ ಎಲ್ಲರೂ ಕೆಟ್ಟದ್ದು. ಎರಡು ಕಡ್ಡಿಗಳ ನಡುವೆ ಕರೆಂಟಿಗೆ ದಾರಿ ಇದ್ದರೆ ಕೂಗುವ ಈ ಬೀಪ್ ಪರೀಕ್ಷೆಯಲ್ಲಿ ಮೀಟರ್ ಕಳಿಸುವುದು ಒಂದು ಆಂಪಿಯರಿನ ಸಾವಿರದ ಒಂದು ಪಾಲಿನ ಲೆಕ್ಕದ ಚೂರು ಕರೆಂಟ್. ವೈರಿನ ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ಕಡಿದು ಒಂದೇ ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ. ಬಹಳ ಮೀಟರುಗಳು ನಡುವೆ 20 ಓಮ್ ಪ್ರತಿರೋಧ, ಅಂದರೆ ಕರೆಂಟಿಗೆ ಅಷ್ಟು ಅಡ್ಡಿ, ಇದ್ದರೂ ಕೂಗುತ್ತವೆ. ಹತ್ತಿದ 21 ವ್ಯಾಟಿನ ಬ್ರೇಕ್ ಬಲ್ಬಿನ ಸ್ವಂತ ಪ್ರತಿರೋಧವೇ ಸುಮಾರು 7 ಓಮ್. ಅದರ ಮುಂದೆ ಇನ್ನು 20 ಓಮ್ ಕೂತರೆ ಬಲ್ಬಿಗೇನು ಉಳಿಯಿತು? ಹೆಡ್‌ಲೈಟಿನ ಲೆಕ್ಕ ಇನ್ನೂ ಬಿಗಿ. 55 ವ್ಯಾಟಿನ ಎರಡು ಬಲ್ಬು ಸೇರಿ 9 ಆಂಪಿಯರ್ ಎಳೆಯುತ್ತವೆ. ಅರ್ಥಿನಲ್ಲಿ ಬರೀ 0.2 ಓಮ್ ಇದ್ದರೆ ಒಂದೂವರೆ ವೋಲ್ಟ್ ಅಲ್ಲೇ ಹೋಯಿತು, ಬೆಳಕಿನಲ್ಲಿ ಮೂರನೇ ಒಂದು ಪಾಲು ಹೋಯಿತು. ಅಗ್ಗದ ಮೀಟರಿನ ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರೇ 0.2 ತೋರಿಸುತ್ತದೆ. ಅದರಲ್ಲಿ ಈ ತಪ್ಪನ್ನು ಹುಡುಕುವುದು ಕಟ್ಟಿಗೆ ಅಡ್ಡೆಯ ತಕ್ಕಡಿಯಲ್ಲಿ ಮೂಗುಬೊಟ್ಟು ತೂಗಿದ ಹಾಗೆ. ಲೈಟ್ ಹಚ್ಚಿಟ್ಟು, ಕರೆಂಟ್ ಹರಿಯುತ್ತಿರುವಾಗ ವೋಲ್ಟ್ ನೋಡಬೇಕು. ಇದನ್ನು ಐಟಿಐ ಹುಡುಗರಿಗೆ ವರ್ಷಾನುಗಟ್ಟಲೆ ಹೇಳಿದ್ದೇನೆ. ಕೇಳಿದವರು ಈಗ ಸ್ವಂತ ಅಂಗಡಿ ಇಟ್ಟಿದ್ದಾರೆ. ಕೇಳದವರು ಬೀಪ್ ಕೇಳುತ್ತಿದ್ದಾರೆ.

ಇನ್ನು ಹಾರುವ ಫ್ಯೂಸ್. ಅದು ಅರ್ಥ್ ಇಲ್ಲದ್ದಕ್ಕೆ ಅಲ್ಲ, ಇರಬಾರದ ಕಡೆ ಅರ್ಥ್ ಸಿಕ್ಕಿದ್ದಕ್ಕೆ. ಸೀಟ್ ಕವರಿನವರು, ಕಾರ್ಪೆಟ್ಟಿನವರು ಅರ್ಧ ಇಂಚಿನ ಸ್ಕ್ರೂ ಕಳೆದಲ್ಲಿ ಒಂದೂವರೆ ಇಂಚಿನದು ಹಾಕುತ್ತಾರೆ. ಬಾಗಿಲ ಕೆಳಗಿನ ಪಟ್ಟಿ, ಸೀಟಿನ ಹಳಿ, ರೂಫ್ ಲೈನಿಂಗಿನ ಅಂಚು, ಇವುಗಳ ಹಿಂದೆ ವೈರು ಹಾದಿದ್ದರೆ ಸ್ಕ್ರೂ ಅದರೊಳಗೇ ಇಳಿಯುತ್ತದೆ. ದಯವಿಟ್ಟು ದೊಡ್ಡ ಫ್ಯೂಸ್ ಹಾಕಬೇಡಿ, ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಬೇಡಿ. ಫ್ಯೂಸ್ ಸುಡದಿದ್ದರೆ ವೈರು ಸುಡುತ್ತದೆ, ಅದರ ಮೇಲೆ ನಿಮ್ಮ ಹೊಸ ಕಾರ್ಪೆಟ್ ಇದೆ. ಫ್ಯೂಸ್ ತೆಗೆದು, ಅದರ ಎರಡು ಕ್ಲಿಪ್ಪಿನ ನಡುವೆ 21 ವ್ಯಾಟಿನ ಒಂದು ಬಲ್ಬು ಜೋಡಿಸಿ. ಆ ಫ್ಯೂಸಿನ ಲೈಟು, ಹಾರ್ನು ಎಲ್ಲ ಬಂದ್ ಇರಲಿ. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಹತ್ತುತ್ತದೆ, ಆದರೆ ಎರಡು ಆಂಪಿಯರ್ ಕೂಡ ದಾಟುವುದಿಲ್ಲವಾದ್ದರಿಂದ ಏನೂ ಸುಡುವುದಿಲ್ಲ. ಈಗ ಹೊಸದಾಗಿ ಹಾಕಿದ ಸ್ಕ್ರೂಗಳನ್ನು ಒಂದೊಂದಾಗಿ ಸಡಿಲಿಸುತ್ತ ಬನ್ನಿ. ಯಾವ ಸ್ಕ್ರೂಗೆ ಬಲ್ಬು ಆರಿತೋ ಅದೇ ಕಳ್ಳ. ಹತ್ತರಲ್ಲಿ ಒಂಬತ್ತು ಸಲ ಚಾಲಕನ ಬಾಗಿಲ ಕೆಳಗೇ ಸಿಗುತ್ತದೆ ಎಂದು ನಾನು ಚಹಾ ಪಂಥ ಕಟ್ಟುತ್ತೇನೆ, ಸೋತದ್ದು ಕಡಿಮೆ.

ಪದ್ಮಿನಿಯವರಿಗೆ ಒಂದು ಸಣ್ಣ ಮಾತು. ಅದರಲ್ಲಿರುವುದು ಪಿಂಗಾಣಿ ಮೈಯ ಮೊನಚು ತುದಿಯ ಫ್ಯೂಸು, 8 ಮತ್ತು 16 ಆಂಪಿಯರಿನವು. ತಿಂಗಳುಗಟ್ಟಲೆ ಗಾಡಿ ಬಿಚ್ಚಿಟ್ಟಾಗ ಕ್ಲಿಪ್ಪಿಗೂ ಫ್ಯೂಸಿಗೂ ನಡುವೆ ಕಿಲುಬು ಕಟ್ಟುತ್ತದೆ, ನೋಡಲು ಫ್ಯೂಸ್ ಸರಿಯಾಗೇ ಇರುತ್ತದೆ. ಬೇರೆ ಏನೂ ಬಿಚ್ಚುವ ಮೊದಲು ಪ್ರತಿ ಫ್ಯೂಸನ್ನೂ ಇದ್ದಲ್ಲೇ ಬೆರಳಿನಿಂದ ನಾಲ್ಕು ಸುತ್ತು ತಿರುಗಿಸಿ. ಎಷ್ಟೋ ಗಾಡಿಗಳು ಇಷ್ಟಕ್ಕೇ ಮನೆಗೆ ಹೋಗಿವೆ.

ಹಳೇ ಮೋರಿಸಿನವರಿಗೂ ಒಂದು ಮಾತು: ಆ ಕಾಲದ ಬಹಳಷ್ಟು ಬ್ರಿಟಿಷ್ ಗಾಡಿಗಳಲ್ಲಿ ಬಾಡಿಗೆ ಬಿಗಿಯುತ್ತಿದ್ದದ್ದು ಬ್ಯಾಟರಿಯ ಪಾಸಿಟಿವ್. ಅದು ತಪ್ಪಲ್ಲ, ‘ಸರಿ ಮಾಡಲು’ ಹೋಗಬೇಡಿ. ಮೀಟರಿನ ಕಡ್ಡಿ ಮಾತ್ರ ಅದಲುಬದಲು ಮಾಡಿಕೊಳ್ಳಿ: ಕೆಂಪು ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೆ, ಕಪ್ಪು ಹೋಲ್ಡರಿನ ತಗಡಿನ ಮೇಲೆ.

ಎಂಜಿನ್ ಇಳಿಸಿದ್ದವರು ಎಂಜಿನ್ನಿಂದ ಬಾಡಿಗೆ ಬರುವ ಹೆಣೆದ ತಾಮ್ರದ ಪಟ್ಟಿಯನ್ನೂ ನೋಡಿಕೊಳ್ಳಿ. ಅದನ್ನು ಮರೆತು ಸೆಲ್ಫ್ ಹೊಡೆದರೆ ಸ್ಟಾರ್ಟರಿನ ಕರೆಂಟೆಲ್ಲ ಡ್ಯಾಶ್‌ಬೋರ್ಡಿನಿಂದ ಎಂಜಿನ್ನಿಗೆ ಹೋಗುವ ಲೋಹದ ಚೋಕ್ ಕೇಬಲ್ಲಿನೊಳಗಿಂದ ವಾಪಸ್ ಬರಲು ನೋಡುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿನಿಂದ ಹೊಗೆ ಬಂದಾಗಲೂ ‘ವೈರಿಂಗ್ ಹಳೇದು’ ಅಂದವರಿದ್ದಾರೆ. ಸುಟ್ಟದ್ದು ವೈರೇ ಅಲ್ಲ, ಆ ಕೇಬಲ್ಲು.

ನೀವು ಕೇಳಿಲ್ಲ, ಆದರೆ ಇದೆಲ್ಲ ಸರಿಯಾದ ಮೇಲೆ ವಾರದೊಳಗೆ ಕೇಳುತ್ತೀರಿ: ‘ಸರ್, ಬ್ಯಾಟರಿ ಚಾರ್ಜ್ ಆಗವಲ್ದು.’ ಈಗಲೇ ಹೇಳಿಬಿಡುತ್ತೇನೆ. ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ಸೂಚಕದ ಸಣ್ಣ ಕೆಂಪು ಬಲ್ಬು ಬರೀ ತೋರಿಕೆಗೆ ಅಂತ ಎಲ್ಲರೂ ತಿಳಿದಿದ್ದಾರೆ. ಬ್ಯಾಟರಿ ಚಾರ್ಜ್ ಮಾಡಲು ಹಳೇ ಡೈನಮೊ ಇರುವ ಗಾಡಿಯಲ್ಲಿ ಅದು ನಿಜ. ಡೈನಮೊದ ಕಬ್ಬಿಣದಲ್ಲಿ ಉಳಿದ ಕಾಂತಶಕ್ತಿಯೇ ಅದನ್ನು ಎಬ್ಬಿಸುತ್ತದೆ. ಆದರೆ ಡೈನಮೊ ಬದಲು, ವೋಲ್ಟನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಒಳಗೇ ಇರುವ ಆಲ್ಟರ್ನೇಟರ್ ಹಾಕಿಸಿಕೊಂಡಿದ್ದರೆ, ಅದನ್ನು ಎಬ್ಬಿಸುವ ಮೊದಲ ಕರೆಂಟ್ ಸಾಮಾನ್ಯವಾಗಿ ಹೋಗುವುದೇ ಆ ಬಲ್ಬಿನ ಮೂಲಕ. ಡ್ಯಾಶ್‌ಬೋರ್ಡ್ ಕೂಡಿಸುವಾಗ ಬಲ್ಬು ಸುಟ್ಟಿದ್ದರೆ, ಹೋಲ್ಡರ್ ಸರಿಯಾಗಿ ಕೂರದಿದ್ದರೆ ಆಲ್ಟರ್ನೇಟರ್ ಏಳುವುದಿಲ್ಲ. ಜೋರಾಗಿ ರೇಸ್ ಕೊಟ್ಟಾಗ ಒಮ್ಮೊಮ್ಮೆ ತಾನೇ ಎದ್ದುಬಿಡುತ್ತದೆ, ಅದಕ್ಕೇ ರೋಗ ಇವತ್ತಿದ್ದು ನಾಳೆ ಇಲ್ಲದ ಹಾಗೆ ಕಾಣುತ್ತದೆ. ಹೊಸ ಬ್ಯಾಟರಿ ತರುವ ಮೊದಲು ಚಾವಿ ತಿರುಗಿಸಿ, ಎಂಜಿನ್ ಹಚ್ಚಬೇಡಿ. ಕೆಂಪು ಬಲ್ಬು ಹತ್ತಬೇಕು. ಹತ್ತದಿದ್ದರೆ ಎರಡು-ಮೂರು ವ್ಯಾಟಿನ ಮಾಮೂಲಿ ಬಲ್ಬು ಹಾಕಿ. ಎಲ್‌ಇಡಿ ಬೇಡ, ಅದರಲ್ಲಿ ಹಾಯುವ ಕರೆಂಟ್ ಇದಕ್ಕೆ ಸಾಲುವುದಿಲ್ಲ. ಎಂಜಿನ್ ಹಚ್ಚಿದ ಮೇಲೆ ಬಲ್ಬು ಆರಿ, ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಬಂದರೆ ಸೀಟಿನ ಬೋಲ್ಟು ಪೂರ್ತಿ ಬಿಗಿಯಿರಿ. ಅಲ್ಲಿಯವರೆಗೆ ಎರಡೆರಡು ಸುತ್ತು ಸಾಕು.